ಗೆರೆ ಸೊಟ್ಟ ಕಂಡರೆ, ಚುಕ್ಕೆ ತೇಲಿದರೆ: ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು?

ರಾತ್ರಿ ಹನ್ನೊಂದು ಗಂಟೆಗೆ ಫೋನ್ ಹಿಡಿದು "ಕಣ್ಣ ಮುಂದೆ ಕಪ್ಪು ಚುಕ್ಕೆ" ಅಂತ ಹುಡುಕಿ ನೋಡಿ. ವಯಸ್ಸಾದಂತೆ ಇದು ಸಹಜ ಅಂತ ಒಂದು ಕಡೆ ಇರುತ್ತದೆ. ರೆಟಿನಾ ಕಳಚಿಕೊಂಡಿರಬಹುದು ಅಂತ ಇನ್ನೊಂದು ಕಡೆ. ಅದರ ಕೆಳಗೇ ಮಿದುಳಿನ ಗೆಡ್ಡೆ. ಮೂರೂ ಒಂದೇ ಗಾತ್ರದ ಅಕ್ಷರದಲ್ಲಿ ಕೂತಿರುತ್ತವೆ. ಯಾವುದು ದಿನಾ ನೋಡುವಂಥದ್ದು, ಯಾವುದು ಅಪರೂಪದ್ದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಕೊನೆಗೆ ನಿದ್ದೆ ಕೆಡುತ್ತದೆ, ಅಷ್ಟೆ.

ಕಾಯಿಲೆಯ ಹೆಸರಿನಿಂದ ಹುಡುಕಲು ಶುರು ಮಾಡಿದರೆ ಹೀಗೇ ಆಗುವುದು. ಕಣ್ಣಿನ ಡಾಕ್ಟರು ಅಲ್ಲಿಂದ ಶುರು ಮಾಡುವುದಿಲ್ಲ. ಅವರು ಕೇಳುವುದು ಬೇರೆ. ಒಂದೇ ಕಣ್ಣಿನಲ್ಲೋ, ಎರಡರಲ್ಲೂ ಇದೆಯೋ? ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು? ಕಣ್ಣು ಆಡಿಸಿದರೆ ಅದೂ ತೇಲಾಡುತ್ತದಾ, ನೋಡಿದ ಕಡೆ ಅಲ್ಲಾಡದೆ ನಿಲ್ಲುತ್ತದಾ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ತೊಂದರೆ ಎಲ್ಲಿದೆ ಅನ್ನುವುದು ಬಹುಪಾಲು ಗೊತ್ತಾಗುತ್ತದೆ. ಈ ಉತ್ತರಗಳನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಕಾಯಿಲೆ ಯಾವುದು ಅಂತ ಹೇಳುವ ಕೆಲಸ ಮಾತ್ರ ಡಾಕ್ಟರದ್ದೇ.

ಮೊದಲು ಒಂದು ಕಣ್ಣು ಮುಚ್ಚಿ

ಒಂದು ಸಣ್ಣ ಪ್ರಯೋಗ ಮಾಡಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ, ಬಲಗೈಯನ್ನು ನಿಧಾನವಾಗಿ ಬಲಕ್ಕೆ ಸರಿಸಿ. ನೋಟ ಮಾತ್ರ ಎಡ ಹೆಬ್ಬೆರಳನ್ನು ಬಿಡಬಾರದು. ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ ಸರಿದಾಗ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮತ್ತೆ ಬರುತ್ತದೆ.

ಅದು ಎಲ್ಲರಿಗೂ ಇರುವ ಕುರುಡು ಚುಕ್ಕೆ. ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮ್ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ. ಹುಟ್ಟಿದಾಗಿನಿಂದ ನಮ್ಮ ನೋಟದಲ್ಲಿ ಇಷ್ಟು ದೊಡ್ಡ ತೂತು ಇದ್ದರೂ ಯಾರಿಗೂ ಕಾಣುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಉಳಿದದ್ದನ್ನು ಮಿದುಳು ಅಕ್ಕಪಕ್ಕದ ಬಣ್ಣ, ಗೆರೆ ನೋಡಿ ಭರ್ತಿ ಮಾಡಿಬಿಡುತ್ತದೆ.

ಕಾಯಿಲೆ ಬಂದಾಗಲೂ ಮಿದುಳು ಮಾಡುವುದು ಇದೇ ಕೆಲಸ. ಒಂದು ಕಣ್ಣಿನ ನೋಟ ಅರ್ಧ ಹೋಗಿದ್ದರೂ, ಇನ್ನೊಂದು ಚೆನ್ನಾಗಿದ್ದರೆ ತಿಂಗಳುಗಟ್ಟಲೆ ಗೊತ್ತಾಗದೆ ಇರಬಹುದು. ಯಾವತ್ತೋ ಒಳ್ಳೆಯ ಕಣ್ಣಿಗೆ ಧೂಳು ಬಿದ್ದು ಉಜ್ಜಿಕೊಂಡಾಗ ಗಾಬರಿಯಾಗುತ್ತದೆ. "ನಿನ್ನೆಯಿಂದ ಕಾಣ್ತಿಲ್ಲ ಡಾಕ್ಟ್ರೇ" ಅಂತ ಬರುವವರಲ್ಲಿ ಎಷ್ಟೋ ಜನಕ್ಕೆ ನಿನ್ನೆ ಆಗಿದ್ದು ಬರೀ ಗೊತ್ತಾಗಿದ್ದು.

ಹಾಗಾಗಿ ನೋಟದಲ್ಲಿ ಏನೇ ಏರುಪೇರು ಕಂಡರೂ ಮೊದಲ ಕೆಲಸ ಇದು. ಕನ್ನಡಕ ಹಾಕುವವರು ಹಾಕಿಕೊಂಡೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಕಣ್ಣುಗುಡ್ಡೆಯನ್ನು ಒತ್ತಬೇಡಿ, ಒತ್ತಿದರೆ ತೆಗೆದ ಮೇಲೂ ಸ್ವಲ್ಪ ಹೊತ್ತು ಮಸುಕಾಗಿರುತ್ತದೆ. ಆಮೇಲೆ ಇನ್ನೊಂದು ಕಣ್ಣು. ತೊಂದರೆ ಒಂದೇ ಕಣ್ಣಿನಲ್ಲಿದ್ದರೆ ಕಾರಣ ಬಹುಮಟ್ಟಿಗೆ ಆ ಕಣ್ಣಿನಲ್ಲೋ ಅದರ ನರದಲ್ಲೋ ಇದೆ. ಎರಡರಲ್ಲೂ ಒಂದೇ ಥರ, ಒಂದೇ ಜಾಗದಲ್ಲಿ ಕಂಡರೆ ಮಿದುಳಿನ ಕಡೆ ಅಥವಾ ಮೂಗಿನ ಮೇಲಿರುವ ಕನ್ನಡಕದ ಕಡೆ ನೋಡಬೇಕು.

ಬೆಳಕು ಹೋಗುವ ದಾರಿ

ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಮುಂದೆ ಇರುವ ಪಾರದರ್ಶಕ ಪದರ ಕಾರ್ನಿಯಾ. ಅದರ ಹಿಂದೆ ಪಾಪೆ, ಬೆಳಕು ಒಳಗೆ ಹೋಗುವ ರಂಧ್ರ. ಆಮೇಲೆ ಲೆನ್ಸ್. ವಯಸ್ಸಾದಂತೆ ಮಬ್ಬಾಗುವುದು ಇದೇ, ಅದನ್ನೇ ನಾವು ಪೊರೆ ಬಂತು ಅನ್ನುವುದು. ಲೆನ್ಸಿನ ಹಿಂದಿನ ದೊಡ್ಡ ಜಾಗದಲ್ಲಿ ಲೋಳೆ ತುಂಬಿದೆ, ವಿಟ್ರಿಯಸ್ ಅಂತ ಅದರ ಹೆಸರು. ಹಿಂದಿನ ಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಹಿಡಿಯುವ ತೆಳು ಪದರ ರೆಟಿನಾ. ಅದರ ನಡುಮಧ್ಯದ ಪುಟ್ಟ ಜಾಗ ಮ್ಯಾಕುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಇದರ ಕೆಲಸ. ಅಲ್ಲಿಂದ ನರ, ನರದಿಂದ ಮಿದುಳು. ಈ ದಾರಿಯಲ್ಲಿ ಎಲ್ಲಿ ಕೆಟ್ಟರೆ ಏನು ಕಾಣುತ್ತದೆ ಅನ್ನುವುದೇ ಮುಂದಿನ ವಿಷಯ.

ನೆಟ್ಟಗಿನ ಗೆರೆ ಸೊಟ್ಟ ಕಾಣುವುದು

ಬಾಗಿಲ ಚೌಕಟ್ಟು ಬಾಗಿದ ಹಾಗೆ, ಟೈಲ್ಸಿನ ಗೆರೆ ಒಂದು ಕಡೆ ಉಬ್ಬಿದ ಹಾಗೆ, ಪೇಪರಿನ ಸಾಲು ನಡುವೆ ಕುಸಿದ ಹಾಗೆ ಕಾಣುತ್ತದೆ. ಒಂದೇ ಕಣ್ಣಿನಲ್ಲಿ, ನೋಟದ ನಡುಭಾಗದಲ್ಲಿ ಹೀಗಾದರೆ ಡಾಕ್ಟರ ಗಮನ ಹೋಗುವುದು ಮ್ಯಾಕುಲಾದ ಕಡೆ.

ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಹಾಳೆಯನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಗೋಡೆ ಒಸರಿ ಹಾಳೆಯ ಹಿಂದೆ ನೀರು ಸೇರಿದರೆ, ತಾರೀಖಿನ ಚೌಕಗಳು ಅಲ್ಲಿ ಮಾತ್ರ ಉಬ್ಬುತ್ತವೆ. ಗೆರೆ ಅಚ್ಚು ಹಾಕಿದವನ ತಪ್ಪಲ್ಲ, ಹಾಳೆ ಕೂತ ಜಾಗ ಕೆಟ್ಟಿದೆ. ರೆಟಿನಾ ಅರ್ಧ ಮಿಲಿಮೀಟರಿಗಿಂತ ತೆಳು. ಅದರ ಕೆಳಗೋ ಒಳಗೋ ನೀರು ನಿಂತರೆ, ಅಥವಾ ಅದರ ಮೇಲೆ ಒಂದು ತೆಳು ಪದರ ಬೆಳೆದು ಸುಕ್ಕುಗಟ್ಟಿಸಿದರೆ, ಬೆಳಕು ಹಿಡಿಯುವ ಕೋಶಗಳು ತಮ್ಮ ಜಾಗದಿಂದ ಸರಿಯುತ್ತವೆ. ಮಿದುಳಿಗೆ ಅದು ಗೊತ್ತಿಲ್ಲ. ಕೋಶಗಳು ಮೊದಲಿನ ಜಾಗದಲ್ಲೇ ಇವೆ ಅಂದುಕೊಂಡು ಚಿತ್ರ ಜೋಡಿಸುತ್ತದೆ. ಗೆರೆ ಸೊಟ್ಟಗಾಗುವುದು ಹೀಗೆ.

ಇದನ್ನು ಪರೀಕ್ಷೆ ಮಾಡಲು ಸ್ವಿಟ್ಜರ್ಲೆಂಡಿನ ಕಣ್ಣಿನ ಡಾಕ್ಟರ್ ಮಾರ್ಕ್ ಆಮ್ಸ್ಲರ್ ಕಳೆದ ಶತಮಾನದಲ್ಲಿ ಜಾರಿಗೆ ತಂದ ಸರಳ ಹಾಳೆಯೊಂದಿದೆ. 10 ಸೆಂಟಿಮೀಟರಿನ ಚೌಕ, ಅದರೊಳಗೆ 5 ಮಿಲಿಮೀಟರಿನ ಪುಟ್ಟ ಚೌಕಗಳು, ನಟ್ಟನಡುವೆ ಒಂದು ಚುಕ್ಕೆ. ಇವತ್ತಿಗೂ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಇಲ್ಲದಿದ್ದರೆ ಮಕ್ಕಳ ಗಣಿತದ ಚೌಕುಳಿ ಪುಸ್ತಕದ ಒಂದು ಹಾಳೆ ಸಾಕು, ನಡುವೆ ಪೆನ್ನಿನಿಂದ ದಪ್ಪ ಚುಕ್ಕೆ ಇಟ್ಟುಕೊಳ್ಳಿ. ಓದುವ ಕನ್ನಡಕ ಹಾಕಿ, ಒಳ್ಳೆ ಬೆಳಕಿನಲ್ಲಿ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ. ಸುತ್ತಲಿನ ಗೆರೆ ಎಲ್ಲಾದರೂ ಬಾಗಿದೆಯಾ? ಎಲ್ಲಾದರೂ ಅಳಿಸಿದೆಯಾ, ಮಸುಕಾಗಿದೆಯಾ? ಇದ್ದರೆ ಆ ಜಾಗವನ್ನು ಹಾಳೆಯ ಮೇಲೇ ಗುರುತು ಮಾಡಿ, ತಾರೀಖು ಹಾಕಿ, ಡಾಕ್ಟರಿಗೆ ತೋರಿಸಿ. ಗೆರೆಗಳೆಲ್ಲ ಸರಿಯಾಗಿವೆ ಅಂದರೆ ಕಣ್ಣಿನಲ್ಲಿ ಏನೂ ಇಲ್ಲ ಅಂತ ಖಂಡಿತವಾಗಿ ಹೇಳಲಾಗದು. ಈ ಹಾಳೆಗೆ ಸಿಗದ ತೊಂದರೆಗಳೂ ಇವೆ.

ಕಾರಣಗಳು ವಯಸ್ಸಿನ ಮೇಲೆ ಬದಲಾಗುತ್ತವೆ. ಐವತ್ತು ದಾಟಿದವರಲ್ಲಿ ಮುಖ್ಯವಾಗಿ ನೋಡುವುದು ವಯಸ್ಸಿನಿಂದ ಮ್ಯಾಕುಲಾ ಸವೆಯುವ ಕಾಯಿಲೆಯನ್ನು. ಅದರಲ್ಲಿ ಒಣ, ಒದ್ದೆ ಅಂತ ಎರಡು ಬಗೆ. ಒಣ ಬಗೆ ವರ್ಷಗಟ್ಟಲೆ ನಿಧಾನವಾಗಿ ಹೋಗುತ್ತದೆ. ಒದ್ದೆಯದು ಅವಸರದ್ದು. ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು, ಸೋರಿ, ವಾರಗಳಲ್ಲಿ ನಡುನೋಟ ಕೆಡಿಸಬಹುದು. ಈಗ ಇದಕ್ಕೆ ಕಣ್ಣಿನೊಳಗೇ ಕೊಡುವ ಇಂಜೆಕ್ಷನ್ ಇದೆ. ಆ ರಕ್ತನಾಳ ಬೆಳೆಯಲು ಕಾರಣವಾಗುವ ರಾಸಾಯನಿಕವನ್ನು ಅದು ತಡೆಯುತ್ತದೆ. "ಕಣ್ಣಿಗೆ ಸೂಜಿಯಾ!" ಅಂತ ಜನ ಬೆಚ್ಚುತ್ತಾರೆ. ಮರಗಟ್ಟಿಸುವ ಹನಿ ಹಾಕಿಯೇ ಕೊಡುವುದು, ಕ್ಷಣದಲ್ಲಿ ಮುಗಿಯುತ್ತದೆ. ಒಂದೇ ಸಲಕ್ಕೆ ಸಾಲುವುದಿಲ್ಲ, ಡಾಕ್ಟರು ಹೇಳಿದಷ್ಟು ಸಲ ಹೋಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ನೋಟ ಉಳಿಯುತ್ತದೆ.

ಶುಗರ್ ಇರುವವರಲ್ಲಿ ಮ್ಯಾಕುಲಾಗೆ ನೀರು ಸೇರಿ ಊತ ಬರುವುದು ಸಾಮಾನ್ಯ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಕ್ಕರೆ ಕಾಯಿಲೆ ರೆಟಿನಾವನ್ನು ಕೆಡಿಸುವಾಗ ಶುರುವಿನಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ನೋವಿಲ್ಲ, ಮಸುಕಿಲ್ಲ. "ನಂಗೆ ಚೆನ್ನಾಗೇ ಕಾಣುತ್ತಲ್ಲ" ಅನ್ನುವವರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಕಣ್ಣು ತೋರಿಸಬೇಕು.

ಮೂವತ್ತರಿಂದ ಐವತ್ತರ ನಡುವಿನವರಲ್ಲಿ, ಹೆಚ್ಚಾಗಿ ಗಂಡಸರಲ್ಲಿ, ಬರುವ ಇನ್ನೊಂದಿದೆ. ಇದ್ದಕ್ಕಿದ್ದ ಹಾಗೆ ಒಂದು ಕಣ್ಣಿನ ನಡುವೆ ಕಂದು ಅಥವಾ ಬೂದು ಬಣ್ಣದ ವೃತ್ತ ಬಂದು ಕೂರುತ್ತದೆ. ಗೆರೆ ಬಾಗುತ್ತದೆ, ವಸ್ತುಗಳು ಆ ಕಣ್ಣಿಗೆ ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. ರೆಟಿನಾದ ಕೆಳಗೆ ನೀರಿನ ಗುಳ್ಳೆ ಎದ್ದಿರುತ್ತದೆ. ಡಾಕ್ಟರುಗಳು ಇದನ್ನು ಸಿಎಸ್‌ಆರ್ ಅನ್ನುತ್ತಾರೆ. ಹೆಚ್ಚಿನವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಒತ್ತಡ, ನಿದ್ದೆಗೇಡಿನ ಜೊತೆ ಇದಕ್ಕೆ ನಂಟಿದೆ. ಸ್ಟೀರಾಯ್ಡಿನ ಜೊತೆಗಂತೂ ಗಟ್ಟಿ ನಂಟು. ಮಾತ್ರೆ, ಇಂಜೆಕ್ಷನ್, ಇನ್ಹೇಲರ್, ಚರ್ಮದ ಕ್ರೀಮು, ಯಾವ ರೂಪದಲ್ಲಿ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ. ನೀವಾಗೇ ನಿಲ್ಲಿಸಬೇಡಿ, ಆಸ್ತಮಾ ಇರುವವರಂತೂ ಖಂಡಿತ ಬೇಡ.

ಇಷ್ಟೆಲ್ಲ ಓದಿ ಗಾಬರಿ ಬೀಳುವ ಮೊದಲು, ಕನ್ನಡಕ ಯಾವಾಗ ಬದಲಾಯಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಹೊಸ ಸಿಲಿಂಡರ್ ಪವರ್ (ಕಾರ್ನಿಯಾದ ಓರೆ ಬಾಗು ಸರಿಪಡಿಸುವ ನಂಬರ್) ಹಾಕಿದಾಗ ನೆಲ ಓರೆಯಾದಂತೆ, ಬಾಗಿಲು ವಾಲಿದಂತೆ ಕಾಣುವುದು ಉಂಟು. ಚಾಳೀಸು ಬಂದು ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಗ್ಲಾಸ್ ಹಾಕಿದವರಿಗೆ ಅಂಚುಗಳಲ್ಲಿ ಎಲ್ಲ ಬಾಗುತ್ತದೆ, ಮೆಟ್ಟಿಲು ಇಳಿಯುವಾಗ ತೇಲಿದ ಹಾಗಾಗುತ್ತದೆ. ಕನ್ನಡಕ ತೆಗೆದರೆ ಸೊಟ್ಟ ಹೋಗುತ್ತದೆಯೇ? ಹಾಗಿದ್ದರೆ ಒಂದೆರಡು ವಾರ ಅಭ್ಯಾಸಕ್ಕೆ ಬಿಡಿ. ಆಮೇಲೂ ಸರಿಹೋಗದಿದ್ದರೆ ನಂಬರ್ ಮತ್ತೆ ನೋಡಿಸಿ.

ತೇಲುವ ಚುಕ್ಕೆ, ಅಂಚಿನಲ್ಲಿ ಮಿಂಚು

ಕಣ್ಣೊಳಗಿನ ಲೋಳೆಯಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ನೀರು. ಉಳಿದದ್ದರಲ್ಲಿ ಕೂದಲಿಗಿಂತ ಸಣ್ಣ ನಾರುಗಳು. ವಯಸ್ಸಾದಂತೆ ಲೋಳೆ ನೀರಾಗುತ್ತದೆ, ನಾರುಗಳು ಒಟ್ಟುಗೂಡಿ ಗಂಟಾಗುತ್ತವೆ. ಆ ಗಂಟಿನ ನೆರಳು ರೆಟಿನಾದ ಮೇಲೆ ಬೀಳುತ್ತದೆ. ನಿಮಗೆ ಕಾಣುವುದು ಆ ನೆರಳು. ಸೊಳ್ಳೆ, ಕೂದಲೆಳೆ, ಜೇಡರ ಬಲೆ, ಸುರುಳಿ, ಹೇಗೆ ಬೇಕಾದರೂ ಇರಬಹುದು. ಬಿಳಿ ಗೋಡೆ, ಬಿಸಿಲಿನ ಆಕಾಶ, ಕಂಪ್ಯೂಟರಿನ ಖಾಲಿ ಪರದೆ ನೋಡಿದಾಗ ಜಾಸ್ತಿ ಕಾಣುತ್ತದೆ. ಹಿಡಿಯಲು ಹೋದರೆ ಜಾರುತ್ತದೆ, ಕಣ್ಣು ನಿಲ್ಲಿಸಿದರೆ ನಿಧಾನವಾಗಿ ತೇಲಿ ಕೆಳಗಿಳಿಯುತ್ತದೆ. ಮೂರನೇ ಪ್ರಶ್ನೆ ಕೇಳಿದ್ದು ಇದಕ್ಕೇ. ತೇಲಾಡುವುದು ಲೋಳೆಯಲ್ಲಿದೆ. ನೋಡಿದ ಕಡೆಯೆಲ್ಲ ಒಂದೇ ಜಾಗದಲ್ಲಿ ಕೂತ ಕಲೆ ರೆಟಿನಾದಲ್ಲೋ ನರದಲ್ಲೋ ಇರಬಹುದು, ಅದನ್ನು ಬೇಗ ತೋರಿಸಬೇಕು.

ಹಳೆಯ ಒಂದೆರಡು ಚುಕ್ಕೆ, ವರ್ಷಗಳಿಂದ ಹಾಗೇ ಇದೆ ಅಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೈನಸ್ ಪವರ್ ಜಾಸ್ತಿ ಇರುವವರಿಗೆ ಇಪ್ಪತ್ತರ ವಯಸ್ಸಿನಲ್ಲೇ ಇರುತ್ತದೆ.

ಐವತ್ತರ ಆಸುಪಾಸಿನಿಂದ ಎಪ್ಪತ್ತರವರೆಗೆ, ಯಾವಾಗಲೋ ಒಂದು ಸಲ, ಈ ಲೋಳೆ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಬಿಡುವಾಗ ರೆಟಿನಾವನ್ನು ಜಗ್ಗುತ್ತದೆ. ರೆಟಿನಾಗೆ ನೋವು ಗೊತ್ತಿಲ್ಲ, ಗೊತ್ತಿರುವುದು ಬೆಳಕು ಮಾತ್ರ. ಹಾಗಾಗಿ ಜಗ್ಗಿದರೂ ಅದು ಮಿಂಚು ಅಂತಲೇ ಮಿದುಳಿಗೆ ಹೇಳುತ್ತದೆ. ಕತ್ತಲೆಯಲ್ಲಿ ಕಣ್ಣು ಪಕ್ಕಕ್ಕೆ ತಿರುಗಿಸಿದಾಗ ಅಂಚಿನಲ್ಲಿ ಫಕ್ಕಂತ ಒಂದು ಗೆರೆ ಮಿಂಚುತ್ತದೆ. ಜೊತೆಗೆ ಹೊಸ ಚುಕ್ಕೆಗಳು. ಹೆಚ್ಚಿನವರಲ್ಲಿ ಇದು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಹೀಗೆ ಹೊಸದಾಗಿ ಚುಕ್ಕೆ, ಮಿಂಚು ಬಂದವರಲ್ಲಿ ನೂರಕ್ಕೆ ಹತ್ತು ಹದಿನೈದು ಜನರ ರೆಟಿನಾ ಎಲ್ಲೋ ಹರಿದಿರುತ್ತದೆ. ಯಾರದ್ದು ಹರಿದಿದೆ ಅಂತ ಲಕ್ಷಣ ನೋಡಿ ಹೇಳಲು ಬರುವುದಿಲ್ಲ. ಪಾಪೆ ಹಿಗ್ಗಿಸಿ ಒಳಗೆ ನೋಡಲೇಬೇಕು, ಅದೂ ಒಂದು ದಿನದೊಳಗೆ.

ಹರಿದಷ್ಟೇ ಇದ್ದರೆ ಸುತ್ತ ಲೇಸರ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಬಿಟ್ಟರೆ ಆ ತೂತಿನಿಂದ ನೀರು ನುಗ್ಗಿ ರೆಟಿನಾ ಗೋಡೆಯಿಂದ ಕಳಚುತ್ತದೆ. ಆಗ ನೋಟದ ಒಂದು ಮೂಲೆಯಿಂದ ಕಪ್ಪು ಪರದೆ ಎಳೆದ ಹಾಗೆ ಕಾಣುತ್ತದೆ. ಪರದೆ ನಡುವಿಗೆ ಬರುವ ಮೊದಲು, ಅಂದರೆ ಮ್ಯಾಕುಲಾ ಕಳಚುವ ಮೊದಲು ಆಪರೇಷನ್ ಆದರೆ ನೋಟ ಚೆನ್ನಾಗಿ ಉಳಿಯುತ್ತದೆ. ಆಮೇಲೆ ಆದರೆ ಅಷ್ಟು ಹೇಳಲಾಗದು. ಸೋಮವಾರ ನೋಡೋಣ, ಹಬ್ಬ ಮುಗೀಲಿ ಅನ್ನುವ ಮಾತು ಇಲ್ಲಿ ತುಂಬಾ ದುಬಾರಿ.

ಮೈನಸ್ ಪವರ್ ಜಾಸ್ತಿ ಇರುವವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಚೆಂಡೋ ಏಟೋ ಬಿದ್ದವರು, ಮನೆಯಲ್ಲಿ ಯಾರಿಗಾದರೂ ರೆಟಿನಾ ಕಳಚಿದವರು ಹೆಚ್ಚು ಹುಷಾರಾಗಿರಬೇಕು. ಶುಗರ್ ಇರುವವರಿಗೆ ಇದ್ದಕ್ಕಿದ್ದ ಹಾಗೆ ಮಸಿ ಸುರಿದಂತೆ ಚುಕ್ಕೆ ತುಂಬಿಕೊಂಡರೆ ಒಳಗೆ ರಕ್ತ ಸೋರಿರಬಹುದು.

ಇನ್ನೊಂದು ಬಗೆಯ ಚುಕ್ಕೆ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀಲಿ ಆಕಾಶವನ್ನು ದಿಟ್ಟಿಸಿದಾಗ ಪುಟ್ಟ ಹೊಳೆಯುವ ಬಿಂದುಗಳು ಸರ್ರನೆ ಓಡಿ ಮಾಯವಾಗುತ್ತವೆ. ಅವು ರೆಟಿನಾದ ಮುಂದಿನ ಕಿರು ರಕ್ತನಾಳಗಳಲ್ಲಿ ಹರಿಯುವ ನಿಮ್ಮದೇ ಬಿಳಿ ರಕ್ತಕಣಗಳು. ಆರೋಗ್ಯವಂತರಿಗೆಲ್ಲ ಕಾಣುತ್ತದೆ.

ಅಂಕುಡೊಂಕು ಬೆಳಕು: ಕಣ್ಣಿನದ್ದಲ್ಲ, ಮಿದುಳಿನದ್ದು

ಓದುತ್ತಾ ಕೂತಾಗ ಒಂದು ಅಕ್ಷರ ಕಾಣೆಯಾಗುತ್ತದೆ. ಐದು ನಿಮಿಷದಲ್ಲಿ ಅಲ್ಲಿ ಮಿನುಗುವ, ಹಲ್ಲುಹಲ್ಲಿನ ಒಂದು ಕಮಾನು ಏಳುತ್ತದೆ. ನಿಧಾನವಾಗಿ ದೊಡ್ಡದಾಗುತ್ತಾ ಅಂಚಿನ ಕಡೆ ಸರಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೆ ಪೂರ್ತಿ ಹೋಗುತ್ತದೆ. ಆಮೇಲೆ ತಲೆನೋವು ಬರಬಹುದು, ಬರದೆಯೂ ಇರಬಹುದು. ಇದು ಮೈಗ್ರೇನಿನ ಔರಾ. ಮೊದಲ ಸಲ ಕಂಡವರು ಕುರುಡಾಗಿಬಿಟ್ಟೆ ಅಂತಲೇ ಹೆದರುತ್ತಾರೆ.

1941ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನಗೇ ಬರುತ್ತಿದ್ದ ಔರಾವನ್ನು ಹಾಳೆಯ ಮೇಲೆ ಬರೆದು, ಅದು ಬೆಳೆಯುವ ವೇಗ ಲೆಕ್ಕ ಹಾಕಿದ. ಮಿದುಳಿನ ಹಿಂಭಾಗದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಏನೋ ಹರಡುತ್ತಿದೆ ಅಂತ ಉತ್ತರ ಬಂತು. ಮೂರು ವರ್ಷ ಕಳೆದು ಬ್ರೆಜಿಲಿನ ಅರಿಸ್ಟಿಡೀಸ್ ಲಿಯಾವೊ ಪ್ರಾಣಿಗಳ ಮಿದುಳಿನಲ್ಲಿ ಅಂಥದ್ದೇ ನಿಧಾನದ ಅಲೆಯನ್ನು ಕಂಡ. ಔರಾ ನಿಧಾನವಾಗಿ ಬೆಳೆಯುವುದು ಈ ಅಲೆಯಿಂದ.

ಮಿದುಳಿನದ್ದಾದ್ದರಿಂದ ಯಾವ ಕಣ್ಣು ಮುಚ್ಚಿದರೂ ಕಾಣುತ್ತದೆ. ಆದರೆ ಜನ "ಬಲಗಣ್ಣಲ್ಲಿ ಬಂತು" ಅನ್ನುತ್ತಾರೆ, ಬಂದದ್ದು ಎರಡೂ ಕಣ್ಣಿನ ನೋಟದ ಬಲಭಾಗದಲ್ಲಿ. ಬಂದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ, ಡಾಕ್ಟರಿಗೆ ಇದು ಬಹಳ ಸಹಾಯ. ಐವತ್ತರ ನಂತರ ಮೊದಲ ಸಲ ಬಂದರೆ, ಒಂದು ಗಂಟೆ ದಾಟಿದರೆ, ಪದೇ ಪದೇ ಬಂದರೆ ತೋರಿಸಬೇಕು. ಔರಾ ಬರುವ ಹೆಂಗಸರು ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮೊದಲು ಡಾಕ್ಟರಿಗೆ ಈ ವಿಷಯ ಹೇಳಬೇಕು. ಈಸ್ಟ್ರೋಜನ್ ಇರುವ ಮಾತ್ರೆಯಿಂದ ಅವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಇದಕ್ಕೆ ತದ್ವಿರುದ್ಧ ಇನ್ನೊಂದು. ಮಿನುಗು ಇಲ್ಲ, ಬೆಳೆಯುವುದಿಲ್ಲ. ಒಂದೇ ಕಣ್ಣು ಇದ್ದಕ್ಕಿದ್ದ ಹಾಗೆ ಕಪ್ಪಾಗಿ, ಕೆಲವು ನಿಮಿಷಕ್ಕೆ ವಾಪಸ್ ಬರುತ್ತದೆ. ವಾಪಸ್ ಬಂತಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಕಣ್ಣಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿ ಕರಗಿರಬಹುದು. ಮುಂದಿನ ಹೆಪ್ಪು ಮಿದುಳಿಗೆ ಹೋಗಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಅಕ್ಷರಕ್ಕೆ ನೆರಳು, ದೀಪಕ್ಕೆ ಬಳೆ

ಮಸುಕು ಬಂದು, ನಾಲ್ಕು ಸಲ ರೆಪ್ಪೆ ಬಡಿದರೆ ಹೋಗುತ್ತದೆ ಅಂದರೆ ಕಣ್ಣು ಒಣಗಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ.

ಹದಿಹರೆಯದವರಲ್ಲಿ ಅಕ್ಷರದ ಪಕ್ಕ ಇನ್ನೊಂದು ತೆಳು ಅಕ್ಷರ ಕಾಣುವುದು, ಆರಾರು ತಿಂಗಳಿಗೆ ಸಿಲಿಂಡರ್ ಪವರ್ ಏರುವುದು, ಜೊತೆಗೆ ಅಲರ್ಜಿಯಿಂದ ಸದಾ ಕಣ್ಣುಜ್ಜುವ ಅಭ್ಯಾಸ, ಇಷ್ಟಿದ್ದರೆ ಕೆರಾಟೋಕೋನಸ್ ಇರಬಹುದಾ ಅಂತ ನೋಡಿಸಬೇಕು. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ತೊಂದರೆ ಅದು. ಬಿ2 ಜೀವಸತ್ವದ ಹನಿ ಹಾಕಿ, ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ ಇದೆ. ಮುಂದೆ ಕೆಡುವುದನ್ನು ತಡೆಯಲು ಅದು. ಕಣ್ಣುಜ್ಜುವುದನ್ನಂತೂ ಬಿಡಲೇಬೇಕು. ಅಲರ್ಜಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಪೊರೆ, ಕಣ್ಣಿನ ಒತ್ತಡ ಏರಿ ನರ ಕೆಡುವ ಗ್ಲಾಕೋಮಾ ಎರಡೂ ಬರಬಹುದು. ಹಾಲು, ಜೇನು, ಹೂವಿನ ರಸ ಕಣ್ಣಿಗೆ ಬಿಡುವುದೂ ಬೇಡ, ಸೋಂಕು ತಗಲುತ್ತದೆ.

ರಾತ್ರಿ ಎದುರಿನ ಗಾಡಿಯ ಲೈಟು ಚದುರಿದಂತೆ ಕಂಡರೆ ಪೊರೆಯೋ ಪವರ್ ಬದಲಾಗಿದ್ದೋ ಇರಬಹುದು, ಅವಸರವಿಲ್ಲ. ದೀಪದ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ, ಕೆಂಪು ಕಣ್ಣು, ಕಣ್ಣು ಕಿತ್ತುಬರುವಂಥ ನೋವು, ವಾಂತಿ, ಇವು ಒಟ್ಟಿಗೆ ಬಂದರೆ ಕಣ್ಣಿನ ಒತ್ತಡ ಒಮ್ಮೆಲೇ ಏರಿದೆ. ಪಿತ್ತ ಅಂತ ಮಾತ್ರೆ ನುಂಗಿ ಮಲಗಬೇಡಿ.

ಅಜ್ಜಿಗೆ ಯಾರೋ ಕಾಣಿಸುತ್ತಾರೆ

"ಬಾಗಿಲ ಹತ್ರ ಮಕ್ಕಳು ಕೂತವ್ರೆ ಕಣೋ, ಮಾತೇ ಆಡಲ್ಲ." ನೋಟ ಬಹಳ ಕಮ್ಮಿಯಾದ ಅಜ್ಜಿ ಹೀಗೆ ಅಂದರೆ ಮನೆಯವರು ಬೆಚ್ಚುತ್ತಾರೆ. ಅರಳುಮರಳು ಅನ್ನುತ್ತಾರೆ, ಇಲ್ಲವೇ ತಾಯತ ಕಟ್ಟಿಸಲು ಹೊರಡುತ್ತಾರೆ. ಎಷ್ಟೋ ಹಿರಿಯರು ಹುಚ್ಚು ಅಂತಾರೆ ಅನ್ನುವ ಭಯಕ್ಕೆ ಬಾಯೇ ಬಿಡುವುದಿಲ್ಲ.

ಜಿನೀವಾದ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ಅಜ್ಜನ ವಿಷಯದಲ್ಲಿ ಇದನ್ನೇ ಬರೆದ. ಪೊರೆಯಿಂದ ನೋಟ ಹೋಗಿದ್ದ ಆ ಮುದುಕನಿಗೆ ಬುದ್ಧಿ ಚುರುಕಾಗೇ ಇತ್ತು, ಆದರೂ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣುತ್ತಿದ್ದವು. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ನೋಟದ ಮಿದುಳು ಸುಮ್ಮನಿರದೆ ತಾನೇ ಚಿತ್ರ ಕಟ್ಟುತ್ತದೆ. ಇದಕ್ಕೆ ಅವನದೇ ಹೆಸರಿದೆ, ಚಾರ್ಲ್ಸ್ ಬೊನೆ ಸಿಂಡ್ರೋಮ್. ಈ ದೃಶ್ಯಗಳಿಗೆ ಸದ್ದಿಲ್ಲ. ನೋಡುವವರಿಗೂ ಅವು ನಿಜವಲ್ಲ ಅಂತ ಗೊತ್ತಿರುತ್ತದೆ, ಅಥವಾ ಹೇಳಿದರೆ ಅರ್ಥವಾಗುತ್ತದೆ. ಲೈಟು ಹಾಕಿದರೆ, ಕಣ್ಣನ್ನು ಆ ಕಡೆ ಈ ಕಡೆ ಆಡಿಸಿದರೆ ಹೋಗುವುದುಂಟು. ಪೊರೆಯಂಥ ಕಾರಣವಿದ್ದರೆ ಆಪರೇಷನ್ ಮಾಡಿಸಿದರೆ ನಿಲ್ಲಬಹುದು. ದನಿ ಕೇಳಿಸುತ್ತಿದ್ದರೆ, ದಿನ, ಊರು ಮರೆಯುತ್ತಿದ್ದರೆ ಅದು ಬೇರೆ ವಿಷಯ, ನರರೋಗದ ಡಾಕ್ಟರಿಗೆ ತೋರಿಸಬೇಕು.

ಹೆದರಿಕೆ ಕಣ್ಣಿಗೆ ಏನು ಮಾಡುತ್ತದೆ

ಭಯವಾದಾಗ ಪಾಪೆ ಹಿಗ್ಗುತ್ತದೆ. ಹಿಗ್ಗಿದ ಪಾಪೆಯಿಂದ ಬೆಳಕು ಜಾಸ್ತಿ ಒಳಬಂದು ಚುಚ್ಚುತ್ತದೆ, ನೋಟ ಸ್ವಲ್ಪ ಮಸುಕಾಗುತ್ತದೆ. ದಿಟ್ಟಿಸಿ ನೋಡುತ್ತಾ ರೆಪ್ಪೆ ಬಡಿಯುವುದು ಮರೆತರೆ ಕಣ್ಣು ಒಣಗಿ ಇನ್ನಷ್ಟು ಮಸುಕು. ಅದನ್ನು ನೋಡಿ ಮತ್ತೆ ಭಯ. ಅಂದರೆ ಲಕ್ಷಣ ಸುಳ್ಳಲ್ಲ. ಭಯ ಅದನ್ನು ದೊಡ್ಡದು ಮಾಡಿದೆ.

ಇದರ ಜೊತೆ ಗಮನದ ಪಾಲೂ ಇದೆ. ರೆಟಿನಾದ ರಕ್ತನಾಳಗಳ ನೆರಳು ದಿನವಿಡೀ ನಮ್ಮ ನೋಟದ ಮೇಲೆ ಬೀಳುತ್ತದೆ. ಸದಾ ಇರುವುದರಿಂದ ಮಿದುಳು ಲೆಕ್ಕಕ್ಕಿಡುವುದಿಲ್ಲ. ಡಾಕ್ಟರು ಪಕ್ಕದಿಂದ ಟಾರ್ಚ್ ಆಡಿಸಿದಾಗ ಒಣಮರದ ಕೊಂಬೆಯಂಥದ್ದು ಒಂದು ಕ್ಷಣ ಕಾಣುತ್ತದಲ್ಲ, ಅದೇ ಅದು. ತೇಲುವ ಚುಕ್ಕೆಗಳನ್ನೂ ಮಿದುಳು ಹೀಗೇ ತಿಂಗಳುಗಳಲ್ಲಿ ಬದಿಗಿಡುತ್ತದೆ. ಗಂಟೆಗೊಮ್ಮೆ ಗೋಡೆ ನೋಡಿ "ಇದೆಯಾ, ಹೋಯ್ತಾ" ಅಂತ ಹುಡುಕುತ್ತಿದ್ದರೆ ಬದಿಗಿಡಲು ಬಿಡುವುದೇ ಇಲ್ಲ ನಾವು.

ಪಾಪೆ ಹಿಗ್ಗಿಸಿದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಆದ ಮೇಲೆ ವಾರಕ್ಕೊಂದು ಸಲ ಒಂದೊಂದೇ ಕಣ್ಣು ನೋಡಿಕೊಂಡರೆ ಸಾಕು. ಅದಕ್ಕೂ ಮನಸ್ಸು ಒಪ್ಪದೆ, ನಿದ್ದೆ, ಕೆಲಸ ಕೆಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರಲ್ಲಿ ಶುರುವಾಗಿದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅವತ್ತೇ ಹೋಗಬೇಕಾದದ್ದು

ಹೊಸ ಚುಕ್ಕೆಗಳ ಸುರಿಮಳೆ ಅಥವಾ ಹೊಸ ಮಿಂಚು. ಮೂಲೆಯಿಂದ ಬರುವ ಪರದೆ. ಒಂದು ಕಣ್ಣು ಕಪ್ಪಾಗುವುದು, ವಾಪಸ್ ಬಂದಿದ್ದರೂ ಸರಿ. ಕೆಂಪು, ತೀವ್ರ ನೋವು, ವಾಂತಿಯ ಜೊತೆ ಮಸುಕು. ಇದ್ದಕ್ಕಿದ್ದ ಹಾಗೆ ಎರಡೆರಡು ಕಾಣುವುದು. ಮುಖ ಸೊಟ್ಟಗಾಗಿ, ಮಾತು ತೊದಲಿ, ಕೈಕಾಲು ಸೋತರೆ ಕಣ್ಣಾಸ್ಪತ್ರೆಗಲ್ಲ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ.

ಗೆರೆ ಹೊಸದಾಗಿ ಸೊಟ್ಟ ಕಂಡರೆ ಒಂದೆರಡು ದಿನದೊಳಗೆ ಹೋಗಿ. ಕಣ್ಣು ಆಡಿಸಿದರೆ ನೋವು, ಬಣ್ಣಗಳು ಮಂಕು ಅಂದರೂ ಹಾಗೇ, ಅದು ಕಣ್ಣಿನ ನರದ ಊತ ಇರಬಹುದು.

ಆಸ್ಪತ್ರೆಯಲ್ಲಿ

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟ್ ಹೇಳುವುದು ನಂಬರ್ ಮಾತ್ರ. ಅದು ರೆಟಿನಾ ನೋಡುವುದಿಲ್ಲ. "ಟೆಸ್ಟ್ ಮಾಡಿಸಿದೆ, ಸರಿಯಾಗಿದೆ ಅಂದ್ರು" ಅಂತ ಸಮಾಧಾನಪಟ್ಟುಕೊಳ್ಳುವ ಮೊದಲು ಯಾವ ಟೆಸ್ಟ್ ಅಂತ ಕೇಳಿಕೊಳ್ಳಿ. ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಒಳಗಣ್ಣಿನ ಪರೀಕ್ಷೆ ಮಾಡುತ್ತಾರೆ. ರೆಟಿನಾದ ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಮಿಂಟೋದಂಥ ದೊಡ್ಡ ಕಣ್ಣಾಸ್ಪತ್ರೆಗೆ ಕಳಿಸುತ್ತಾರೆ. ಗೆರೆ ಸೊಟ್ಟ ಇದ್ದವರಿಗೆ ಸಾಮಾನ್ಯವಾಗಿ ಒಸಿಟಿ ಸ್ಕ್ಯಾನ್ ಇರುತ್ತದೆ. ಗಲ್ಲ ಇಟ್ಟು ಒಂದು ಬಿಂದು ನೋಡಿದರೆ ಆಯಿತು, ಸೂಜಿ ಇಲ್ಲ, ಎಕ್ಸ್-ರೇ ಇಲ್ಲ. ಬೆಳಕಿನಿಂದಲೇ ರೆಟಿನಾದ ಪದರಗಳನ್ನು ಸೀಳಿದಂತೆ ತೋರಿಸುತ್ತದೆ. ಎಲ್ಲಿ ನೀರಿದೆ, ಎಷ್ಟಿದೆ ಅಂತ ನಿಮಗೂ ಪರದೆಯ ಮೇಲೆ ಕಾಣುತ್ತದೆ.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಕಣ್ಣು, ಯಾವತ್ತಿನಿಂದ, ಎಷ್ಟು ಹೊತ್ತು. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯೂ ಇರಲಿ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಬಹಳ ವರ್ಷ ತೆಗೆದುಕೊಂಡರೆ ರೆಟಿನಾಗೆ ತೊಂದರೆ ಕೊಡಬಹುದು. ಹಳೆ ಕನ್ನಡಕ, ಹಳೆ ಚೀಟಿ ಜೊತೆಗಿಟ್ಟುಕೊಳ್ಳಿ. ಪಾಪೆ ಹಿಗ್ಗುವ ಹನಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಕೂಲಿಂಗ್ ಗ್ಲಾಸ್ ತೆಗೆದುಕೊಂಡು ಹೋಗಿ, ಸ್ಕೂಟರ್ ಮನೆಯಲ್ಲೇ ಬಿಟ್ಟು ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.